ಡಿಫೆಂಡರ್ ಅಲ್ಲಾಡಿದರೆ ತಪ್ಪು ಅವನದ್ದೇನಾ? ಉತ್ತರ ಇರುವುದು ಜೇಮ್ಸ್ ನೈಸ್ಮಿತ್ ಕಥೆಯಲ್ಲಿ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಬ್ಬರು ಡಿಕ್ಕಿ ಹೊಡೆದ ವಿಡಿಯೊ ಬಂದರೆ ಸಾಕು, ಜೊತೆಗೆ ಒಂದು ತೀರ್ಪೂ ಬರುತ್ತದೆ. ಡಿಫೆಂಡರ್ ಕಾಲು ಅಲ್ಲಾಡಿದ್ದರೆ ಅವನದ್ದೇ ತಪ್ಪು, ಅಂದರೆ ಬ್ಲಾಕಿಂಗ್. ಕಂಬದಂತೆ ನಿಂತಿದ್ದರೆ ಮಾತ್ರ ಚೆಂಡು ಹಿಡಿದವನ ತಪ್ಪು, ಅಂದರೆ ಚಾರ್ಜಿಂಗ್. ಇದು ಅರ್ಧ ಸತ್ಯವೂ ಅಲ್ಲ. ಯಾಕೆ ಎಂದು ತಿಳಿಯಲು ಈ ಆಟವನ್ನು ಹುಟ್ಟುಹಾಕಿದವರ ಬದುಕನ್ನೊಮ್ಮೆ ನೋಡೋಣ.

ಜೇಮ್ಸ್ ನೈಸ್ಮಿತ್ ಹುಟ್ಟಿದ್ದು 1861ರಲ್ಲಿ, ಕೆನಡಾದ ಆಲ್ಮಾಂಟ್ ಊರಿನ ಬಳಿ. ಒಂಬತ್ತು ವರ್ಷವಾಗುವಷ್ಟರಲ್ಲಿ ಟೈಫಾಯಿಡ್‌ಗೆ ಅಪ್ಪ ಅಮ್ಮ ಇಬ್ಬರೂ ಬಲಿಯಾದರು. ಮುಂದೆ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲೇ ಮೈಮೇಲೆ ಬೀಳುವ ರಗ್ಬಿ ಆಡಿದರು. ಪೆಟ್ಟು ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1891ರ ಚಳಿಗಾಲದಲ್ಲಿ ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಮೇಷ್ಟ್ರು. ಹೊರಗೆ ಹಿಮ, ಒಳಗೆ ಕವಾಯತಿನಿಂದ ಬೇಸತ್ತ ಹುಡುಗರು. ಒಳಾಂಗಣಕ್ಕೊಂದು ಹೊಸ ಆಟ ಬೇಕು, ಹದಿನಾಲ್ಕು ದಿನ ಸಮಯ ಎಂದರು ಮುಖ್ಯಸ್ಥ ಲೂಥರ್ ಗುಲಿಕ್. ಫುಟ್‌ಬಾಲ್, ಲಕ್ರಾಸ್ ಎಲ್ಲವನ್ನೂ ಒಳಗೆ ಆಡಿಸಿ ನೋಡಿ ಕೈಸುಟ್ಟುಕೊಂಡ ನೈಸ್ಮಿತ್ ಒಂದು ಸರಳ ಲೆಕ್ಕ ಹಾಕಿದರು. ರಗ್ಬಿಯಲ್ಲಿ ಒಬ್ಬನನ್ನು ಕೆಡವುವುದು ಅವನು ಚೆಂಡು ಹಿಡಿದು ಓಡುತ್ತಾನೆ ಎಂದು. ಓಡಲೇಬಾರದು ಎಂದರೆ ಕೆಡವುವ ಅಗತ್ಯವೇ ಇಲ್ಲ. ಗೋಲು ತಲೆಯ ಮೇಲೆ, ಹತ್ತು ಅಡಿ ಎತ್ತರದಲ್ಲಿದ್ದರೆ ಬಲವಾಗಿ ಎಸೆದೂ ಪ್ರಯೋಜನವಿಲ್ಲ. ಬಾಲ್ಯದಲ್ಲಿ ಆಡಿದ್ದ, ನಮ್ಮ ಲಗೋರಿಯ ದೂರದ ನೆಂಟನಂಥ ಕಲ್ಲೆಸೆತದ ಆಟದಿಂದ ಬಂದ ಯೋಚನೆ ಅದು.

ಪೀಚ್ ಹಣ್ಣಿನ ಬುಟ್ಟಿಗಳು, ಹದಿಮೂರು ನಿಯಮಗಳು, ಕಡೆಗೆ ಒಂಬತ್ತರಂತೆ ಹದಿನೆಂಟು ಹುಡುಗರು. ಮೊದಲ ಪ್ರಯತ್ನದಲ್ಲೇ ಗುದ್ದಾಟವಾಗಿ ಒಬ್ಬನ ಭುಜ ಜಾರಿತು, ಒಬ್ಬ ಪ್ರಜ್ಞೆ ತಪ್ಪಿದ ಎಂದು 1939ರಲ್ಲಿ ಅವರೇ ರೇಡಿಯೊದಲ್ಲಿ ನೆನಪಿಸಿಕೊಂಡಿದ್ದರು. ಹಾಗಾಗಿಯೇ ಐದನೇ ನಿಯಮ ಕಟ್ಟುನಿಟ್ಟು: ಭುಜದಿಂದ ನೂಕುವಂತಿಲ್ಲ, ಹಿಡಿಯುವಂತಿಲ್ಲ, ಕಾಲು ಕೊಡುವಂತಿಲ್ಲ. ಬೇಕೆಂದೇ ಗಾಯ ಮಾಡಿದವನು ಇಡೀ ಪಂದ್ಯದಿಂದ ಹೊರಗೆ, ಅವನ ಬದಲಿಗೆ ಇನ್ನೊಬ್ಬನೂ ಇಲ್ಲ. ಚೆಂಡನ್ನು ನೋಡಲು ಒಬ್ಬ ರೆಫರಿ, ಆಟಗಾರರನ್ನು ನೋಡಲೆಂದೇ ಬೇರೆ ಅಂಪೈರ್.

ಆಮೇಲೆ ಆಟಗಾರರೇ ಒಂದು ಉಪಾಯ ಕಂಡುಕೊಂಡರು. ಚೆಂಡು ಹಿಡಿದು ಓಡಬಾರದು ತಾನೆ? ಪುಟಿಸುತ್ತಾ ಓಡಬಹುದಲ್ಲ! ಡ್ರಿಬಲ್ ಬಂತು. ನೈಸ್ಮಿತ್ ಮುಚ್ಚಿದ್ದ ಡಿಕ್ಕಿಯ ಬಾಗಿಲು ಮತ್ತೆ ತೆರೆಯಿತು.

ಈಗಿನ ಅಂತರರಾಷ್ಟ್ರೀಯ ನಿಯಮ ಕೇಳುವುದು ಅಲ್ಲಾಡಿದನೇ ಎಂದಲ್ಲ, ಜಾಗ ಮೊದಲು ಹಿಡಿದವರು ಯಾರು ಎಂದು. ಡಿಫೆಂಡರ್ ಎದುರಾಳಿಗೆ ಮುಖಮಾಡಿ ಎರಡೂ ಕಾಲು ನೆಲಕ್ಕೂರಿ ಜಾಗ ಹಿಡಿದರೆ ಸಾಕು. ಅಲ್ಲಿಂದ ಪಕ್ಕಕ್ಕೆ ಸರಿಯಬಹುದು, ಹಿಂದೆ ಹೋಗಬಹುದು, ನೇರ ಮೇಲಕ್ಕೆ ಜಿಗಿಯಲೂಬಹುದು. ಆಗ ಚೆಂಡಿನವನು ಬಂದು ಎದೆಗೆ ಗುದ್ದಿದರೆ ಚಾರ್ಜಿಂಗ್. ಎದುರಾಳಿ ಗಾಳಿಗೆ ಹಾರಿದ ಮೇಲೆ ದಾರಿಗೆ ಅಡ್ಡ ಬಂದರೆ ಬ್ಲಾಕಿಂಗ್, ಕಲ್ಲಿನಂತೆ ನಿಂತಿದ್ದರೂ ಸರಿ. ಬುಟ್ಟಿಯ ಕೆಳಗಿನ 1.25 ಮೀಟರ್ ಅರ್ಧವೃತ್ತದೊಳಗೆ ನಿಂತು, ಹಾರಿ ಬಂದವನ ಮೇಲೆ ಚಾರ್ಜಿಂಗ್ ಪಡೆಯುವುದಂತೂ ಕಷ್ಟ. ಡಿಕ್ಕಿಯ ಕ್ಷಣದಲ್ಲಿ ನಿಲ್ಲಿಸಿದ ಫೋಟೊ ನೋಡಿ ರೆಫರಿಯನ್ನು ಬೈಯುವುದು ವ್ಯರ್ಥ. ಉತ್ತರ ಇರುವುದು ಅದಕ್ಕೂ ಹಿಂದಿನ ಅರ್ಧ ಸೆಕೆಂಡಿನಲ್ಲಿ. ಒಳ್ಳೆಯ ರೆಫರಿಯೂ ಅಲ್ಲಿ ಚೆಂಡನ್ನಲ್ಲ, ಡಿಫೆಂಡರ್‌ನನ್ನು ನೋಡುತ್ತಿರುತ್ತಾನೆ, ಆ ಹಳೆಯ ಅಂಪೈರ್‌ನ ಹಾಗೆ.

ನೈಸ್ಮಿತ್ 1898ರಲ್ಲಿ ವೈದ್ಯ ಪದವಿ ಪಡೆದು ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಕೋಚ್ ಆಗಿ ಗೆದ್ದದ್ದು 55, ಸೋತದ್ದು 60. ತಾವೇ ಕಟ್ಟಿದ ಆಟದಲ್ಲಿ! 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಆಟ ಸೇರಿದಾಗ ಅವರೂ ಅಲ್ಲಿದ್ದರು. ಫೈನಲ್ ದಿನ ಮಳೆ, ಬಯಲು ಅಂಗಳ ಪೂರ್ತಿ ಕೆಸರು. ಚೆಂಡು ಪುಟಿಯಲೇ ಇಲ್ಲ. 1891ರಂತೆ ಪಾಸ್ ಮಾಡಿಯೇ ಆಡಬೇಕಾಯಿತು. ಅಮೆರಿಕ 19, ಕೆನಡಾ 8. ಮೂರು ವರ್ಷದ ಬಳಿಕ, 1939ರ ನವೆಂಬರ್ 28ರಂದು, ನೈಸ್ಮಿತ್ ಕ್ಯಾನ್ಸಸ್‌ನ ಲಾರೆನ್ಸ್‌ನಲ್ಲಿ ತೀರಿಕೊಂಡರು. ಆ ಹದಿಮೂರು ನಿಯಮಗಳ ಮೂಲ ಹಾಳೆಗಳು ಈಗ ಅದೇ ವಿಶ್ವವಿದ್ಯಾಲಯದಲ್ಲಿವೆ.