ಫೋನ್ ಎತ್ತೋರು ಯಾರೂ ಇಲ್ಲದಾಗ: ವಾಲ್ಡೆಮಾರ್ ಪೌಲ್ಸೆನ್

ಫಿಸಿಕ್ಸ್ ಲ್ಯಾಬ್‌ನಲ್ಲಿ ಬಿ-ಎಚ್ ಕರ್ವ್ ಪ್ಲಾಟ್ ಮಾಡಿದ್ದು ನೆನಪಿದೆಯಾ? ಕಾಯಿಲ್‌ನ ಕರೆಂಟನ್ನು ಸೊನ್ನೆಗೆ ಇಳಿಸಿದರೂ ಉಕ್ಕಿನಲ್ಲಿ ಸ್ವಲ್ಪ ಕಾಂತತ್ವ ಉಳಿದುಬಿಡುತ್ತೆ. ವೈವಾದಲ್ಲಿ ಅದಕ್ಕೆ ರಿಟೆಂಟಿವಿಟಿ ಅಂತ ಹೆಸರು ಹೇಳಿ, ಮಾರ್ಕ್ಸ್ ತಗೊಂಡು ನಾವೆಲ್ಲ ಮುಂದೆ ಹೋಗ್ತೀವಿ. ಹಾಗೆ ಉಳಿಯೋ ಆ ಸ್ವಲ್ಪದರಲ್ಲೇ ಮನುಷ್ಯನ ಮಾತನ್ನು ಹಿಡಿದಿಡಬಹುದು ಅಂತ ಮಾಡಿ ತೋರಿಸಿದವರು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್. ಇವತ್ತು ದೊಡ್ಡ ಡೇಟಾ ಸೆಂಟರ್‌ನಿಂದ ಹಿಡಿದು ಸಣ್ಣ ಆಫೀಸಿನವರೆಗೆ ಬ್ಯಾಕಪ್‌ಗೆ ಬಳಸೋ ಟೇಪ್ ಕಾರ್ಟ್ರಿಜ್‌ಗಳ ವಂಶ ಶುರುವಾಗೋದು ಇವರಿಂದಲೇ.

ಪೌಲ್ಸೆನ್ ಹುಟ್ಟಿದ್ದು 1869ರ ನವೆಂಬರ್ 23ರಂದು, ಕೋಪನ್‌ಹೇಗನ್‌ನಲ್ಲಿ. ತಂದೆ ನ್ಯಾಯಾಧೀಶರು. ಹುಡುಗನಿಗೆ ಫಿಸಿಕ್ಸ್, ಕೆಮಿಸ್ಟ್ರಿ ಅಂದ್ರೆ ಪ್ರಾಣ, ಗಣಿತ ಮಾತ್ರ ಅಷ್ಟಕ್ಕಷ್ಟೇ. 1889ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿ, ನಾಲ್ಕು ವರ್ಷ ವಿಜ್ಞಾನ ಓದಿ, ಡಿಗ್ರಿ ಮುಗಿಸದೇ ಹೊರಗೆ ಬಂದರು. (ಬ್ಯಾಕ್‌ಲಾಗ್ ಇರೋರು ಈ ಪ್ಯಾರಾವನ್ನು ಮನೆಯಲ್ಲಿ ತೋರಿಸಬೇಡಿ.) ಆಮೇಲೆ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ತಾಂತ್ರಿಕ ವಿಭಾಗದಲ್ಲಿ ಸಹಾಯಕನ ಕೆಲಸ ಸಿಕ್ಕಿತು.

ಅಲ್ಲಿ ಕಣ್ಣಿಗೆ ಬಿದ್ದದ್ದು ಬಹಳ ಸಾಮಾನ್ಯವಾದ ಒಂದು ತೊಂದರೆ. ಆಫೀಸಿಗೆ ಫೋನ್ ಬರುತ್ತೆ, ಎತ್ತೋಕೆ ಯಾರೂ ಇಲ್ಲ. ಆ ಮಾತು ಅಲ್ಲಿಗೇ ಹೋಯ್ತು. ಪತ್ರವಾದರೆ ಮೇಜಿನ ಮೇಲೆ ಕಾದು ಕೂತಿರುತ್ತೆ, ಫೋನಿನ ಮಾತು ಕಾಯಲ್ಲ. ಎಡಿಸನ್‌ರ ಫೋನೋಗ್ರಾಫ್ ಆಗಲೇ ಬಂದಿತ್ತು, ನಿಜ. ಆದರೆ ಅದು ಸೂಜಿಯಿಂದ ಮೇಣದ ಮೇಲೆ ಗೆರೆ ಕೊರೆಯುವ ಯಂತ್ರ. ಟೆಲಿಫೋನ್ ತಂತಿಯಲ್ಲಿ ಬರೋ ದುರ್ಬಲ ಕರೆಂಟಿಗೆ ಕೊರೆಯೋ ಶಕ್ತಿ ಎಲ್ಲಿಂದ ಬರಬೇಕು? ಕೊರೆಯೋದೇ ಬೇಡ, ಕಾಂತೀಕರಿಸಿದರೆ ಸಾಕು ಅನ್ನೋದು ಪೌಲ್ಸೆನ್‌ಗೆ ಹೊಳೆದ ವಿಚಾರ.

ಅವರ ಪ್ರಯೋಗ ನಮ್ಮ ಮಿನಿ ಪ್ರಾಜೆಕ್ಟ್‌ಗಿಂತ ಸರಳವಾಗಿತ್ತು. ಕೋಣೆಯಲ್ಲಿ ಒಂದು ಉಕ್ಕಿನ ತಂತಿಯನ್ನು ಇಳಿಜಾರಾಗಿ ಬಿಗಿದರು. ಅದರ ಮೇಲೆ ಜಾರುವ ಪುಟ್ಟ ಗಾಡಿಗೆ ಒಂದು ಎಲೆಕ್ಟ್ರೋಮ್ಯಾಗ್ನೆಟ್ ಕಟ್ಟಿ, ಅದನ್ನು ಟೆಲಿಫೋನಿನ ಮೈಕ್‌ಗೆ ಸೇರಿಸಿದರು. ಗಾಡಿ ಜಾರ್ತಾ ಇದ್ದಾಗ ಮಾತಾಡಿದರು. ಧ್ವನಿಯ ಏರಿಳಿತ ಕರೆಂಟಿನ ಏರಿಳಿತವಾಗಿ, ಅದು ತಂತಿಯ ಉದ್ದಕ್ಕೂ ಹೆಚ್ಚು ಕಡಿಮೆ ಕಾಂತತ್ವವಾಗಿ ಉಳಿಯಿತು. ಗಾಡಿಯನ್ನು ಮತ್ತೆ ಮೇಲಕ್ಕೆ ತಂದು, ಮೈಕ್ ತೆಗೆದು ರಿಸೀವರ್ ಸೇರಿಸಿ, ಇನ್ನೊಮ್ಮೆ ಜಾರಿಸಿದಾಗ ಆ ಮಾತೇ ವಾಪಸ್ ಕೇಳಿಸಿತು. ಬೇಡವಾದರೆ ಮ್ಯಾಗ್ನೆಟ್‌ಗೆ ಬ್ಯಾಟರಿಯ ನೇರ ಕರೆಂಟ್ ಕೊಟ್ಟು ಒಮ್ಮೆ ಓಡಿಸಿದರೆ ಸಾಕು, ತಂತಿ ಪೂರ್ತಿ ಖಾಲಿ. ರೈಟ್, ರೀಡ್, ಇರೇಸ್ ಮೂರೂ ಅಲ್ಲಿವೆ ನೋಡಿ!

ಈ ಯೋಚನೆ ಅವರೊಬ್ಬರದ್ದೇ ಅಲ್ಲ ಅನ್ನೋದನ್ನೂ ಹೇಳಬೇಕು. ಅಮೆರಿಕದ ಆಬರ್ಲಿನ್ ಸ್ಮಿತ್ 1888ರಲ್ಲೇ ಇದರ ಬಗ್ಗೆ ಲೇಖನ ಬರೆದಿದ್ದರು. ಆದರೆ ಓಡುವ ಯಂತ್ರ ಮಾಡಿ, 1898ರ ಡಿಸೆಂಬರ್ 1ರಂದು ಪೇಟೆಂಟ್‌ಗೆ ಅರ್ಜಿ ಹಾಕಿದವರು ಪೌಲ್ಸೆನ್. ಯಂತ್ರದ ಹೆಸರು ಟೆಲಿಗ್ರಾಫೋನ್. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅದಕ್ಕೆ ಗ್ರಾಂ ಪ್ರೀ ಬಹುಮಾನ ಬಂತು. ಅದೇ ವರ್ಷ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅದರಲ್ಲಿ ಮಾತಾಡಿದರು. ಇವತ್ತಿಗೂ ಉಳಿದಿರುವ ಅತ್ಯಂತ ಹಳೆಯ ಕಾಂತೀಯ ಧ್ವನಿಮುದ್ರಣ ಅದೇ.

ಇಷ್ಟೆಲ್ಲ ಆದಮೇಲೆ ಪೌಲ್ಸೆನ್ ಕೋಟ್ಯಧಿಪತಿ ಆದ್ರು ಅಂದ್ಕೋತೀರಾ? ಇಲ್ಲ. 1903ರಲ್ಲಿ ಅಮೆರಿಕದಲ್ಲಿ ಟೆಲಿಗ್ರಾಫೋನ್ ಕಂಪನಿ ಶುರುವಾಯಿತು, ಆದರೆ ವ್ಯಾಪಾರ ಕುದುರಲಿಲ್ಲ. ತಂತಿ ಸೆಕೆಂಡಿಗೆ ಸುಮಾರು 2 ಮೀಟರ್ ಓಡಬೇಕು, ಅಂದರೆ ಅರ್ಧ ಗಂಟೆಯ ಮಾತಿಗೆ ಮೂರೂವರೆ ಕಿಲೋಮೀಟರ್ ತಂತಿ! ಅದಕ್ಕಿಂತ ದೊಡ್ಡ ತೊಂದರೆ, ಧ್ವನಿ ತುಂಬಾ ಸಣ್ಣ. ರಿಸೀವರನ್ನು ಕಿವಿಗೆ ಒತ್ತಿ ಹಿಡಿದರೆ ಮಾತ್ರ ಕೇಳೋದು. ಆಂಪ್ಲಿಫೈಯರ್ ಅನ್ನೋದು ಆಗ ಹುಟ್ಟೇ ಇರಲಿಲ್ಲ.

ಪೌಲ್ಸೆನ್ ಅಷ್ಟೊತ್ತಿಗೆ ರೇಡಿಯೋ ಕಡೆ ತಿರುಗಿದ್ದರು. ಲಂಡನ್ನಿನ ವಿಲಿಯಂ ಡಡೆಲ್ ವಿದ್ಯುತ್ ಆರ್ಕ್ ದೀಪದಿಂದ ಸಂಗೀತದ ಸ್ವರ ಹೊರಡಿಸಿದ್ದರು. ಪೌಲ್ಸೆನ್ ಆ ಆರ್ಕನ್ನು ಹೈಡ್ರೋಜನ್ ಇರುವ ಅನಿಲದೊಳಗೆ, ಬಲವಾದ ಕಾಂತಕ್ಷೇತ್ರದ ನಡುವೆ ಇಟ್ಟು, ಅದರ ಫ್ರೀಕ್ವೆನ್ಸಿಯನ್ನು ರೇಡಿಯೋ ಮಟ್ಟಕ್ಕೆ ಏರಿಸಿದರು. ಜೊತೆಗಿದ್ದವರು ಇಂಜಿನಿಯರ್ ಪೀಡರ್ ಓಲುಫ್ ಪೀಡರ್‌ಸೆನ್. ಆಗಿನ ಸ್ಪಾರ್ಕ್ ಟ್ರಾನ್ಸ್‌ಮಿಟರ್‌ಗಳು ಬಿಟ್ಟು ಬಿಟ್ಟು ಚಟಪಟ ಅಂತಿದ್ದರೆ, ಪೌಲ್ಸೆನ್ ಆರ್ಕ್ ನಿರಂತರ ಅಲೆ ಕೊಡುತ್ತಿತ್ತು. ಇದು ಗೆದ್ದಿತು. ಕ್ಯಾಲಿಫೋರ್ನಿಯಾದ ಫೆಡರಲ್ ಟೆಲಿಗ್ರಾಫ್ ಕಂಪನಿ ಇದರ ಮೇಲೆಯೇ ನಿಂತಿತು, ಅಮೆರಿಕದ ನೌಕಾಪಡೆ ದೊಡ್ಡ ದೊಡ್ಡ ಆರ್ಕ್ ಸ್ಟೇಷನ್ ಕಟ್ಟಿಸಿತು.

ವಿಚಿತ್ರ ಇರೋದು ಇಲ್ಲೇ. ಅದೇ ಫೆಡರಲ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ಲೀ ಡಿ ಫಾರೆಸ್ಟ್, ತಮ್ಮ ವ್ಯಾಕ್ಯೂಮ್ ಟ್ಯೂಬನ್ನು 1912ರಲ್ಲಿ ಆಂಪ್ಲಿಫೈಯರ್ ಆಗಿ ಬಳಸಿದರು. ಟೆಲಿಗ್ರಾಫೋನ್‌ಗೆ ಬೇಕಾಗಿದ್ದ ಭಾಗ ಕೊನೆಗೂ ಬಂತು, ಆದರೆ ಆ ಕಂಪನಿ ಆಗಲೇ ಕಂಗೆಟ್ಟಿತ್ತು. ಇತ್ತ ಅದೇ ಟ್ಯೂಬು 1920ರ ದಶಕದಲ್ಲಿ ಟ್ರಾನ್ಸ್‌ಮಿಟರ್ ಆಗಿ ಬೆಳೆದು, ಆರ್ಕನ್ನು ಮೂಲೆಗೆ ತಳ್ಳಿತು. ಟ್ಯೂಬ್ ಇಲ್ಲದೆ ಒಂದು ಆವಿಷ್ಕಾರ ಸೋತಿತು, ಟ್ಯೂಬ್ ಬಂದು ಇನ್ನೊಂದು ಸೋತಿತು. ಪೌಲ್ಸೆನ್ ದುರದೃಷ್ಟ ಅಂದರೆ ಇದೇ ಇರಬೇಕು.

ಉಕ್ಕಿನ ತಂತಿಯ ಜಾಗಕ್ಕೆ ಟೇಪ್ ತಂದವರು ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್. ಸಿಗರೇಟಿನ ತುದಿಗೆ ಹೊಳೆಯುವ ಪಟ್ಟಿ ಅಂಟಿಸೋ ಕೆಲಸ ಗೊತ್ತಿದ್ದ ಅವರು, 1928ರಲ್ಲಿ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಬಳಿದು ಪೇಟೆಂಟ್ ಪಡೆದರು. ಎಇಜಿ ಕಂಪನಿ ಅದನ್ನು ಬೆಳೆಸಿ 1935ರಲ್ಲಿ ಬರ್ಲಿನ್‌ನಲ್ಲಿ ಮ್ಯಾಗ್ನೆಟೋಫೋನ್ ತೋರಿಸಿತು. ಮರುವರ್ಷ ಜರ್ಮನ್ ನ್ಯಾಯಾಲಯ ಫ್ಲಾಯ್ಮರ್ ಪೇಟೆಂಟನ್ನೇ ರದ್ದು ಮಾಡಿತು. ಮೂಲ ತತ್ವ ಪೌಲ್ಸೆನ್‌ರ 1898ರ ಪೇಟೆಂಟಿನಲ್ಲೇ ಇದೆ ಅನ್ನೋದು ಕಾರಣ. ಆ ಪೇಟೆಂಟಿನ ಅವಧಿ ಯಾವಾಗಲೋ ಮುಗಿದಿತ್ತು, ಹಾಗಾಗಿ ಹಣವೇನೂ ಬರಲಿಲ್ಲ. ಪೌಲ್ಸೆನ್ ತೀರಿಕೊಂಡದ್ದು 1942ರಲ್ಲಿ. ಒಂಬತ್ತು ವರ್ಷದ ನಂತರ ಯೂನಿವ್ಯಾಕ್ ಕಂಪ್ಯೂಟರ್ ಡೇಟಾವನ್ನು ಕಾಂತೀಯ ಟೇಪಿನ ಮೇಲೆ ಬರೆಯಿತು.

ಈಗ ಹತ್ತು-ಹದಿನೈದು ಕಂಪ್ಯೂಟರ್ ಇರೋ ಒಂದು ಆಡಿಟರ್ ಆಫೀಸ್ ಅಂದ್ಕೊಳ್ಳಿ. ಒಂದು ಎಲ್‌ಟಿಒ ಟೇಪ್ ಡ್ರೈವನ್ನು ಒಂದೇ ಸರ್ವರ್‌ಗೆ ಜೋಡಿಸಿ, ಉಳಿದವುಗಳ ಡೇಟಾವನ್ನು ರಾತ್ರಿ ನೆಟ್‌ವರ್ಕ್ ಮೂಲಕ ಅಲ್ಲಿಗೆ ಕಳಿಸ್ತಾರೆ. ಡ್ರೈವ್ ದುಬಾರಿ, ಲಕ್ಷಗಳ ಮಾತು. ಆದರೆ 9ನೇ ತಲೆಮಾರಿನ ಒಂದು ಕಾರ್ಟ್ರಿಜ್‌ನಲ್ಲಿ ಒಂದು ಕಿಲೋಮೀಟರ್‌ಗೂ ಉದ್ದದ ಟೇಪು, 18 ಟೆರಾಬೈಟ್ ಜಾಗ. ಪೌಲ್ಸೆನ್ ಗಾಡಿ ನಡುವೆ ನಿಲ್ಲದೆ ಜಾರಬೇಕಿತ್ತಲ್ಲ, ಇಲ್ಲೂ ಹಾಗೇ. ನೆಟ್‌ವರ್ಕ್ ನಿಧಾನವಾಗಿ ಡೇಟಾ ಸಾಲದೇ ಹೋದರೆ ಟೇಪ್ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಓಡುತ್ತೆ. ಬೂಟ್ ಪಾಲಿಶ್ ಮಾಡಿದ ಹಾಗೆ ಹಿಂದೆ ಮುಂದೆ ಉಜ್ಜಿ ಟೇಪು, ಹೆಡ್ಡು ಎರಡೂ ಸವೀತವೆ. ಅದಕ್ಕೇ ಮೊದಲು ಸರ್ವರ್‌ನ ಡಿಸ್ಕಿಗೆ ತುಂಬಿಸಿ, ಅಲ್ಲಿಂದ ಒಂದೇ ಓಟದಲ್ಲಿ ಟೇಪಿಗೆ ಬರೀತಾರೆ.

ಬರೆದಾದ ಮೇಲೆ ಕಾರ್ಟ್ರಿಜ್ ಹೊರತೆಗೆದು ಬೇರೆ ಕಟ್ಟಡದಲ್ಲಿ ಇಡಬೇಕು. ಕಪಾಟಿನಲ್ಲಿರೋ ಟೇಪಿಗೆ ಯಾವ ರ‍್ಯಾನ್ಸಮ್‌ವೇರ್ ಕೂಡ ಕೈ ಹಾಕೋಕೆ ಆಗಲ್ಲ. 2011ರ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಜಿಮೇಲ್‌ನ ಸುಮಾರು ಶೇ. 0.02ರಷ್ಟು ಬಳಕೆದಾರರ ಮೇಲ್ ಮಾಯವಾದಾಗ, ಗೂಗಲ್‌ನಂಥ ಗೂಗಲ್ ಕೂಡ ಅದನ್ನು ವಾಪಸ್ ತಂದಿದ್ದು ಟೇಪಿನಿಂದಲೇ. ಇನ್ನೊಂದು ಕೆಲಸ ಬಹಳ ಜನ ಬಿಟ್ಟುಬಿಡ್ತಾರೆ: ಆಗಾಗ ಟೇಪಿನಿಂದ ಒಂದೆರಡು ಫೈಲ್ ವಾಪಸ್ ತೆಗೆದು, ತೆರೆದು ನೋಡೋದು. ಕೋಪನ್‌ಹೇಗನ್ನಿನ ಆ ಕೋಣೆಯಲ್ಲಿ ಮಾತಾಡಿ ಮುಗಿದ ತಕ್ಷಣ ಪೌಲ್ಸೆನ್ ಮಾಡಿದ್ದೂ ಅದನ್ನೇ, ಗಾಡಿಯನ್ನು ಮೇಲಕ್ಕೆ ತಂದು ರಿಸೀವರ್ ಕಿವಿಗಿಟ್ಟುಕೊಂಡರು.