ಸ್ಪೀಡೋಮೀಟರ್ ಒಳಗೆ ಕೂತಿರೋ ಅರಾಗೊ

ಹಾಸ್ಟೆಲ್ ಪಾರ್ಕಿಂಗ್‌ನ ಮೂಲೇಲಿ ನಿಂತಿರೋ ಆ ಹಳೇ ಬೈಕ್ ನಿಮಗೆಲ್ಲ ಗೊತ್ತೇ ಇದೆ. ನಮ್ಮ ರೂಮ್‌ಮೇಟ್‌ನ ದೊಡ್ಡಪ್ಪನ ಕಾಲದ್ದು. ಗಾಡಿ ಇಪ್ಪತ್ತರಲ್ಲಿ ಹೋಗ್ತಿದ್ರೂ ಅದರ ಸ್ಪೀಡೋಮೀಟರ್ ಮುಳ್ಳು ಅರವತ್ತರವರೆಗೆ ಹಾರಿ ವಾಪಸ್ ಬೀಳ್ತಿತ್ತು. ಹೋದ ಭಾನುವಾರ ಧೈರ್ಯ ಮಾಡಿ ಬಿಚ್ಚೇ ಬಿಟ್ವಿ.

ಕೇಬಲ್ ಒಳಗಿನ ತಂತಿ ಒಣಗಿ ತುಕ್ಕು ಹಿಡಿದಿತ್ತು. ಪೆಟ್ರೋಲ್‌ನಲ್ಲಿ ತೊಳೆದು ಗ್ರೀಸ್ ಸವರಿದ್ವಿ. ಮೇಲಿನ ತುದೀಲಿ ನಾಲ್ಕು ಬೆರಳಷ್ಟು ಜಾಗ ಹಾಗೇ ಬಿಡಬೇಕು, ಇಲ್ಲಾಂದ್ರೆ ತಂತಿ ಸುತ್ತುತ್ತಾ ಗ್ರೀಸ್ ಮೀಟರ್ ಒಳಗೆ ಹತ್ತುತ್ತೆ. ಆಮೇಲೆ ಮೀಟರಿನ ಸುತ್ತ ಮಡಚಿದ್ದ ರಿಂಗನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಇಷ್ಟಿಷ್ಟೇ ಎಬ್ಬಿಸಿದ್ವಿ. ಒಳಗಿದ್ದಿದ್ದು ಇಷ್ಟೇ: ಕೇಬಲ್ ತಿರುಗಿಸೋ ಒಂದು ಅಯಸ್ಕಾಂತ, ಅದರ ಮೇಲೆ ಕವುಚಿ ಹಾಕಿದ ಒಂದು ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿಗೆ ಅಂಟಿದ ಮುಳ್ಳು, ಮುಳ್ಳನ್ನು ಹಿಂದಕ್ಕೆ ಎಳೆಯೋ ಕೂದಲಿನಂಥ ಸ್ಪ್ರಿಂಗ್. ಬಟ್ಟಲಿಗೂ ಅಯಸ್ಕಾಂತಕ್ಕೂ ಎಲ್ಲೂ ತಾಗೋದಿಲ್ಲ. ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟೋದೂ ಇಲ್ಲ, ಅಂಟಿಸಿ ನೋಡಿದ್ವಿ. ಆದ್ರೂ ಅಯಸ್ಕಾಂತ ತಿರುಗಿಸಿದ್ರೆ ಬಟ್ಟಲು ಅದರ ಹಿಂದೆ ಹೋಗುತ್ತೆ.

ಎಡ್ಡಿ ಕರೆಂಟ್ ಅಂತ ಎಕ್ಸಾಮಲ್ಲಿ ಬರೆದು ನಾವೂ ಮಾರ್ಕ್ಸ್ ತಗೊಂಡಿದ್ದೀವಿ. ಆದರೆ ಕೈಯಲ್ಲಿ ಹಿಡಿದು ನೋಡಿದಾಗ ಇದನ್ನು ಮೊದಲು ಕಂಡವನು ಯಾರು ಅನ್ನೋ ಪ್ರಶ್ನೆ ಬಂತು. ಹುಡುಕಿದ್ರೆ ಸಿಕ್ಕಿದವನು ಫ್ರಾನ್ಸ್ವಾ ಅರಾಗೊ. ಅವನ ಬದುಕು ಓದಿ ಆ ಸಂಜೆ ಮೀಟರ್ ಕೆಲಸ ಅಲ್ಲಿಗೇ ನಿಂತ್ಹೋಯ್ತು.

ಹುಟ್ಟಿದ್ದು 1786ರಲ್ಲಿ, ಫ್ರಾನ್ಸಿನ ದಕ್ಷಿಣದಲ್ಲಿ, ಸ್ಪೇನ್ ಗಡಿಗೆ ಹತ್ತಿರದ ಎಸ್ತಾಜೆಲ್ ಅನ್ನೋ ಊರಲ್ಲಿ. ಹದಿನೇಳಕ್ಕೆ ಪ್ಯಾರಿಸ್‌ನ ಎಕೋಲ್ ಪಾಲಿಟೆಕ್ನಿಕ್ ಸೇರಿದ, ಅಂದ್ರೆ ಅವನೂ ನಮ್ಮ ಹಾಗೆ ಇಂಜಿನಿಯರಿಂಗ್ ಕಾಲೇಜಿನವನೇ. ಇಪ್ಪತ್ತಕ್ಕೆ ಬಿಯೋ ಅನ್ನೋ ಹಿರಿಯ ವಿಜ್ಞಾನಿ ಜೊತೆ ಸ್ಪೇನ್‌ಗೆ ಹೊರಟ. ಭೂಮಿಯ ರೇಖಾಂಶದ ಉದ್ದ ಅಳೆಯೋ ಕೆಲಸ. ಬೆಟ್ಟದ ತುದೀಲಿ ರಾತ್ರಿ ದೀಪ ಹಚ್ಚಿ, ದೂರದ ಇನ್ನೊಂದು ಬೆಟ್ಟದಿಂದ ಅದರ ಕೋನ ಅಳೀಬೇಕು.

ಬಿಯೋ ಮೊದಲೇ ವಾಪಸ್ ಹೋದ. ಅರಾಗೊ ಮಯೋರ್ಕಾ ದ್ವೀಪದ ಬೆಟ್ಟದ ಮೇಲೆ ಉಳಿದ. ಅಷ್ಟರಲ್ಲಿ 1808 ಬಂತು, ನೆಪೋಲಿಯನ್ ಸೈನ್ಯದ ವಿರುದ್ಧ ಸ್ಪೇನ್ ದಂಗೆ ಎದ್ದಿತು. ಬೆಟ್ಟದ ಮೇಲೆ ರಾತ್ರಿ ಬೆಂಕಿ ಹಚ್ಚೋ ಫ್ರೆಂಚ್ ಹುಡುಗ ಶತ್ರುಗೆ ಸಿಗ್ನಲ್ ಕೊಡೋ ಗೂಢಚಾರನೇ ಇರಬೇಕು ಅಂತ ಜನ ಹುಡುಕಿಕೊಂಡು ಬಂದರು. ಅವನಿಗೆ ಅಲ್ಲಿನ ಭಾಷೆ ಅಲ್ಲಿನವರ ಥರಾನೇ ಬರ್ತಿತ್ತು, ಹಾಗಾಗಿ ದಾರೀಲಿ ಎದುರಾದ ಗುಂಪಿಗೆ ಇವನೇ ಅವನು ಅಂತ ಗೊತ್ತೇ ಆಗಲಿಲ್ಲ. (ಲೋಕಲ್ ಭಾಷೆ ಕಲೀರಪ್ಪಾ ಅಂತ ನಮ್ಮ ಕ್ಲಬ್ ಸುಮ್ನೆ ಹೇಳೋದಲ್ಲ!) ಕೊನೆಗೆ ಜೀವ ಉಳಿಸಿಕೊಳ್ಳೋಕೆ ಬೆಲ್ವೆರ್ ಕೋಟೆಯ ಜೈಲಿಗೆ ತಾನೇ ಹೋಗಿ ಸೇರಿಕೊಂಡ. ಅಲ್ಲಿ ಕೂತು, ತನ್ನನ್ನು ಗಲ್ಲಿಗೆ ಹಾಕಿದರು ಅನ್ನೋ ಸುದ್ದಿಯನ್ನು ಪೇಪರಲ್ಲಿ ತಾನೇ ಓದಿದ.

ಅಲ್ಲಿಂದ ಸಣ್ಣ ದೋಣಿಯಲ್ಲಿ ಅಲ್ಜೀರ್ಸ್‌ಗೆ ತಪ್ಪಿಸಿಕೊಂಡ. ಸುಳ್ಳು ಪಾಸ್‌ಪೋರ್ಟ್ ಹಿಡಿದು ಮಾರ್ಸೇ ಬಂದರಿಗೆ ಹಡಗು ಹತ್ತಿದ. ದಡ ಹತ್ತಿರ ಆಗ್ತಿದ್ದ ಹಾಗೆ ಸ್ಪ್ಯಾನಿಷ್ ಹಡಗೊಂದು ಹಿಡಿದು ಸ್ಪೇನ್‌ಗೆ ಎಳೆದೊಯ್ತು, ಮತ್ತೆ ಜೈಲು. ಆ ಹಡಗಲ್ಲಿ ಅಲ್ಜೀರ್ಸಿನ ದೊರೆ ನೆಪೋಲಿಯನ್‌ಗೆ ಕಳಿಸಿದ್ದ ಎರಡು ಸಿಂಹಗಳೂ ಇದ್ದವು. ಅದರಲ್ಲೊಂದು ಸತ್ತಿತು ಅಂತ ಗೊತ್ತಾಗಿ ದೊರೆ ಸ್ಪೇನ್ ಮೇಲೆ ಸಿಟ್ಟಾದ, ಹಡಗನ್ನು ಬಿಡಿಸಿದ. ಮತ್ತೆ ಹೊರಟರೆ, ಮಾರ್ಸೇ ಕಣ್ಣಿಗೆ ಕಾಣ್ತಿರುವಾಗಲೇ ಬಿರುಗಾಳಿ ಬೀಸಿ ಹಡಗು ಪುನಃ ಆಫ್ರಿಕಾದ ದಡಕ್ಕೆ ಹೋಯ್ತು. ವೇಷ ಹಾಕಿಕೊಂಡು ಭೂಮಾರ್ಗವಾಗಿ ಅಲ್ಜೀರ್ಸ್ ತಲುಪಿ, ತಿಂಗಳುಗಟ್ಟಲೆ ಕಾದು, ಕೊನೆಗೆ 1809ರ ಜುಲೈನಲ್ಲಿ ಮಾರ್ಸೇಗೆ ಕಾಲಿಟ್ಟ. ಇಷ್ಟೆಲ್ಲ ಆದರೂ ಅಳತೆಯ ಕಾಗದಗಳು ಭದ್ರವಾಗಿದ್ದವು. ನಾವು ಲ್ಯಾಬ್ ರೆಕಾರ್ಡನ್ನು ಕ್ಯಾಂಟೀನಲ್ಲೇ ಬಿಟ್ಟು ಬರ್ತೀವಿ.

ಅದೇ ವರ್ಷ, 23ನೇ ವಯಸ್ಸಿಗೆ, ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ. ಫ್ರೆನೆಲ್‌ನ ಬೆಳಕಿನ ಅಲೆ ಸಿದ್ಧಾಂತವನ್ನು ಹಿರಿಯರು ಅನುಮಾನದಿಂದ ನೋಡುತ್ತಿದ್ದಾಗ, ದುಂಡಗಿನ ನೆರಳಿನ ನಡುವೆ ಬೆಳಕಿನ ಚುಕ್ಕೆ ಇದೆ ಅಂತ ಪ್ರಯೋಗ ಮಾಡಿ ತೋರಿಸಿದ್ದೂ ಇವನೇ.

ನಮ್ಮ ಮೀಟರ್ ವಿಷಯ ಬರೋದು 1824-25ರಲ್ಲಿ. ತೂಗಾಡ್ತಿರೋ ದಿಕ್ಸೂಚಿ ಮುಳ್ಳಿನ ಕೆಳಗೆ ತಾಮ್ರ ಇದ್ದರೆ ಅದು ಬೇಗ ನಿಂತುಬಿಡುತ್ತೆ ಅನ್ನೋದು ಅವನ ಕಣ್ಣಿಗೆ ಬಿತ್ತು. ಹಾಗಾದ್ರೆ ತಾಮ್ರದ ತಟ್ಟೆಯನ್ನೇ ತಿರುಗಿಸಿದ್ರೆ? ಮುಳ್ಳು ಅದರ ಹಿಂದೆ ತಿರುಗಿತು. ಲಂಡನ್ನಿನ ರಾಯಲ್ ಸೊಸೈಟಿ 1825ರಲ್ಲಿ ಕಾಪ್ಲೆ ಪದಕ ಕೊಟ್ಟಿತು. ಆದರೆ ಯಾಕೆ ಹೀಗಾಗುತ್ತೆ ಅಂತ ಅವನಿಗೆ ಗೊತ್ತಾಗಲಿಲ್ಲ. ಬ್ಯಾಬೇಜ್, ಹರ್ಷೆಲ್ ಅಂಥವರು ಮತ್ತೆ ಮಾಡಿ ನೋಡಿದರು, ಅವರಿಗೂ ಗೊತ್ತಾಗಲಿಲ್ಲ. 1831ರಲ್ಲಿ ಫ್ಯಾರಡೆ ಬಂದ ಮೇಲೆಯೇ ಗಂಟು ಬಿಚ್ಚಿಕೊಂಡಿದ್ದು: ಲೋಹದೊಳಗೆ ಕರೆಂಟ್ ಹುಟ್ಟುತ್ತೆ, ಆ ಕರೆಂಟಿನ ಕಾಂತಕ್ಷೇತ್ರ ಎಳೆಯುತ್ತೆ.

ಬೆಳಕಿನ ವಿಷಯದಲ್ಲೂ ಹೀಗೇ ಆಯ್ತು. ಗಾಳಿಯಲ್ಲಿ ಬೆಳಕು ವೇಗವೋ ನೀರಿನಲ್ಲೋ ಅಂತ ತಿರುಗೋ ಕನ್ನಡಿಯಿಂದ ನೋಡಬಹುದು ಅಂತ 1838ರಲ್ಲೇ ಸೂಚಿಸಿದ್ದ. ಕಣ್ಣು ಮಂಜಾಗ್ತಾ ಬಂತು, ಮಾಡೋಕಾಗಲಿಲ್ಲ. 1850ರಲ್ಲಿ ಅದನ್ನು ಮಾಡಿ ತೋರಿಸಿದ್ದು ಫೂಕೋ. ಇವತ್ತು ಎಡ್ಡಿ ಕರೆಂಟ್‌ಗೆ ಫೂಕೋ ಕರೆಂಟ್ ಅಂತಲೂ ಹೇಳ್ತಾರೆ, ಅಲ್ಲೂ ಅರಾಗೊ ಹೆಸರಿಲ್ಲ! ನಮಗಂತೂ ಇದು ಸ್ವಲ್ಪ ಅನ್ಯಾಯ ಅನ್ನಿಸ್ತು.

1848ರ ಕ್ರಾಂತಿಯಲ್ಲಿ ಅವನು ನೌಕಾಪಡೆ ಮತ್ತು ವಸಾಹತುಗಳ ಮಂತ್ರಿ. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಗಿದ್ದು ಆ ಏಪ್ರಿಲ್‌ನಲ್ಲಿ, ಷೋಲ್ಷರ್ ಅವನ ಕೈಕೆಳಗೆ ನಿಂತು ಹೋರಾಡಿ ತಂದ ಆದೇಶದಿಂದ. 1852ರಲ್ಲಿ ಲೂಯಿ ನೆಪೋಲಿಯನ್‌ಗೆ ನಿಷ್ಠೆಯ ಪ್ರಮಾಣ ಮಾಡಬೇಕು ಅಂದಾಗ ಅರಾಗೊ ಮಾಡಲ್ಲ ಅಂದ. ಕೆಲಸದಿಂದ ತೆಗೆಯೋ ಧೈರ್ಯ ಸರ್ಕಾರಕ್ಕೆ ಬರಲಿಲ್ಲ, ಇವನೊಬ್ಬನಿಗೆ ವಿನಾಯಿತಿ ಕೊಟ್ಟರು. ಮರುವರ್ಷ ಅಕ್ಟೋಬರ್‌ನಲ್ಲಿ ತೀರಿಹೋದ. ಆಗ ದೃಷ್ಟಿ ಹೆಚ್ಚುಕಮ್ಮಿ ಹೋಗೇಬಿಟ್ಟಿತ್ತು.

ಜರ್ಮನ್ ಇಂಜಿನಿಯರ್ ಒಟ್ಟೋ ಷುಲ್ಜ್ ಈ ಥರದ ಸ್ಪೀಡೋಮೀಟರ್‌ಗೆ ಪೇಟೆಂಟ್ ತಗೊಂಡಿದ್ದು 1902ರಲ್ಲಿ. ಆಗ ಬೈಕುಗಳೇ ಹೊಸದು.

ಮಾರನೇ ದಿನ ಸಂಜೆ ರಿಂಗ್ ಮತ್ತೆ ಮಡಚಿ, ಮೀಟರ್ ಕೂರಿಸಿ, ಗೇಟ್‌ವರೆಗೂ ಒಂದು ರೌಂಡ್ ಹೋದ್ವಿ. ಮುಳ್ಳು ಕುಣಿಯೋದು ನಿಂತಿದೆ. ಆದರೆ ಫೋನಲ್ಲಿ 46 ತೋರಿಸಿದಾಗ ಅದು 40ರಲ್ಲೇ ನಿಲ್ಲುತ್ತೆ. ಅಯಸ್ಕಾಂತ ಹಳೇದಾಗಿ ಸೋತಿರಬೇಕು, ಅದಕ್ಕೆ ಸ್ಪ್ರಿಂಗ್ ಸ್ವಲ್ಪ ಸಡಿಲ ಮಾಡಿ ನೋಡಬೇಕು. ಮುಂದಿನ ಭಾನುವಾರ ಬಿಡುವಿದ್ದೋರು ಪಾರ್ಕಿಂಗ್ ಹತ್ರ ಬನ್ನಿ, ಸಣ್ಣ ಟ್ವೀಜರ್ ಇದ್ರೆ ತನ್ನಿ.