ಮಾಗಡಿ ಚಿರತೆಯ ಜಾಡು ಹಿಡಿದ ಕೆನೆತ್ ಆಂಡರ್ಸನ್

ತಿಪ್ಪಸಂದ್ರ (ಮಾಗಡಿ): ಕತ್ತಲಾದ ಮೇಲೆ ಊರ ನಾಯಿಗಳು ಒಮ್ಮೆಲೇ ಬೊಗಳಿ ಸುಮ್ಮನಾದರೆ, ಬೆಳಗಾದಾಗ ದೊಡ್ಡಿಯಲ್ಲಿ ಕುರಿಯೊಂದು ಕಡಿಮೆಯಾಗಿದ್ದರೆ, ಮಾಗಡಿ ತಾಲ್ಲೂಕಿನ ರೈತನ ಮನಸ್ಸು ಮೊದಲು ಶಂಕಿಸುವುದು ಚಿರತೆಯನ್ನು. ಸಾವನದುರ್ಗದ ಕಾಡು, ಹೊಲಗಳ ನಡುವೆಯೇ ಎದ್ದುನಿಂತ ಕಲ್ಲುಗುಡ್ಡಗಳು, ಅವುಗಳ ಬುಡದ ಕುರುಚಲು ಪೊದೆಗಳು ಈ ಪ್ರಾಣಿಗೆ ತಲೆತಲಾಂತರದ ನೆಲೆ. ಮನುಷ್ಯ ಮತ್ತು ಚಿರತೆಯ ಈ ಹಳೆಯ ಸಂಘರ್ಷವನ್ನು ದೇಶ ವಿದೇಶಗಳ ಓದುಗರಿಗೆ ಪರಿಚಯಿಸಿದವರಲ್ಲಿ ಪ್ರಮುಖರು ಬೆಂಗಳೂರಿನ ನಿವಾಸಿಯಾಗಿದ್ದ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್.

ಇವರ ಬರಹಗಳನ್ನು ಕನ್ನಡಕ್ಕೆ ತಂದ ಕೀರ್ತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರಿಗೆ ಸಲ್ಲುತ್ತದೆ. ಅವರ 'ಕಾಡಿನ ಕಥೆಗಳು' ಮಾಲೆಯ ಒಂದು ಸಂಪುಟದ ಹೆಸರೇ 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಹೀಗೆ ಮಾಗಡಿಯ ಚಿರತೆ ಕನ್ನಡ ಸಾಹಿತ್ಯದಲ್ಲಿಯೂ ಸ್ಥಾನ ಪಡೆದಿದೆ. ಆದರೆ ಆ ಕಥೆಗಳನ್ನು ಕೇವಲ ಸಾಹಸವೆಂದು ಓದಿದವರಿಗೆ ಅವುಗಳ ಹಿಂದಿನ ಮನುಷ್ಯನ ಮುಖ್ಯ ಗುಣ ಕಾಣದೆ ಹೋಗಬಹುದು. ಗುಂಡು ಹಾರಿಸುವುದಕ್ಕೆ ಮೊದಲು ಹಳ್ಳಿಗರ ಮಾತು ಕೇಳುವ ತಾಳ್ಮೆಯೇ ಆ ಗುಣ.

ಬೆಂಗಳೂರೇ ಊರು

ಕೆನೆತ್ ಆಂಡರ್ಸನ್ ಜನಿಸಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಸಂಸ್ಥಾನದ ಬೊಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಅವರ ಕುಟುಂಬ ಹಲವು ತಲೆಮಾರುಗಳಿಂದ ಭಾರತದಲ್ಲಿಯೇ ನೆಲೆಸಿತ್ತು. ತಂದೆ ಸೇನೆಯ ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಆಂಡರ್ಸನ್ ಅವರ ವಿದ್ಯಾಭ್ಯಾಸ ನಡೆಯಿತು. ಕಾನೂನು ಓದಲೆಂದು ಎಡಿನ್‌ಬರೋಗೆ ಕಳುಹಿಸಲಾಯಿತಾದರೂ ಅಲ್ಲಿ ಮನಸ್ಸು ನಿಲ್ಲದೆ ಮರಳಿ ಬಂದರು.

ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ದುಡಿದ ಅವರು, ಬಳಿಕ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದರು. ಬೇಟೆ ಅವರ ವೃತ್ತಿಯಾಗಿರಲಿಲ್ಲ. ರಜಾ ದಿನಗಳಲ್ಲಿ ಹಳೆಯ ಮೋಟಾರು ಏರಿ ಕಾಡಿನ ದಾರಿ ಹಿಡಿಯುತ್ತಿದ್ದ ಅವರಿಗೆ ಕನ್ನಡ ಮತ್ತು ತಮಿಳು ಚೆನ್ನಾಗಿ ಬರುತ್ತಿತ್ತು. ಈ ಭಾಷಾಜ್ಞಾನ ಅವರ ಬದುಕಿನ ದಿಕ್ಕನ್ನೇ ನಿರ್ಧರಿಸಿತೆನ್ನಬಹುದು. ದುಭಾಷಿಯ ನೆರವಿಲ್ಲದೆ ದನಗಾಹಿ, ಕಾಡುವಾಸಿ, ಅರಣ್ಯ ಕಾವಲುಗಾರ, ಗಾಡಿ ಹೊಡೆಯುವವರೊಡನೆ ಕುಳಿತು ಮಾತನಾಡಬಲ್ಲ ಬಿಳಿಯ ಬೇಟೆಗಾರರು ಆ ಕಾಲದಲ್ಲಿ ವಿರಳ.

ಬೇಟೆಗೂ ಕಾನೂನು

ಹಳೆಯ ಮೈಸೂರು ಸಂಸ್ಥಾನದಲ್ಲಿ ಬೇಟೆ ಸಂಪೂರ್ಣ ಸ್ವೇಚ್ಛೆಯ ವಿಷಯವಾಗಿರಲಿಲ್ಲ. 1901ರಲ್ಲಿ ಜಾರಿಗೆ ಬಂದ ಬೇಟೆ ಪ್ರಾಣಿ ಮತ್ತು ಮೀನು ಸಂರಕ್ಷಣೆಯ ಶಾಸನವು ಕಾಡಿನ ಶಿಕಾರಿಯನ್ನೂ ನದಿಯ ಮೀನುಗಾರಿಕೆಯನ್ನೂ ನಿಯಮಗಳ ಚೌಕಟ್ಟಿಗೆ ತಂದಿತ್ತು. ಮನುಷ್ಯರನ್ನು ಕೊಲ್ಲುವ ಹುಲಿ, ಚಿರತೆಗಳನ್ನು ನರಭಕ್ಷಕವೆಂದು ಸರ್ಕಾರ ಘೋಷಿಸಿ, ಅವುಗಳನ್ನು ಕೊಲ್ಲಲು ಬೇಟೆಗಾರರ ನೆರವು ಪಡೆಯುವುದು ವಾಡಿಕೆಯಾಗಿತ್ತು.

1939ರಿಂದ 1966ರವರೆಗಿನ ಅವಧಿಯಲ್ಲಿ ಆಂಡರ್ಸನ್ ಅವರು 8 ನರಭಕ್ಷಕ ಚಿರತೆಗಳನ್ನೂ 7 ನರಭಕ್ಷಕ ಹುಲಿಗಳನ್ನೂ ಹೊಡೆದರೆಂಬುದು ಸರ್ಕಾರಿ ಲೆಕ್ಕ. ಅರಸೀಕೆರೆ ಸೀಮೆಯಲ್ಲಿ ಹಲವರನ್ನು ಬಲಿ ಪಡೆದಿದ್ದ ಕರಡಿಯೊಂದನ್ನು ಕೊಂದವರೂ ಇವರೇ. ಜಾಲಹಳ್ಳಿಯಲ್ಲಿ ಚಿರತೆ ಜನರ ಮೇಲೆ ಎರಗಿದ ಪ್ರಕರಣವನ್ನು ಅವರು ದಾಖಲಿಸಿದ್ದಾರೆ. ಇಂದು ಮಹಾನಗರದೊಳಗೆ ಸೇರಿಹೋಗಿರುವ ಜಾಲಹಳ್ಳಿ ಆಗ ಬೆಂಗಳೂರಿನ ಹೊರಗಿನ ಒಂದು ಹಳ್ಳಿ. ಅರ್ಕಾವತಿ ನದಿ ಕಾವೇರಿಯನ್ನು ಕೂಡುವ ಕನಕಪುರ ತಾಲ್ಲೂಕಿನ ಸಂಗಮದ ಚಿರತೆಯ ಕುರಿತೂ ಅವರ ಪ್ರತ್ಯೇಕ ಕಥನವಿದೆ.

ತಪ್ಪು ಯಾರದು?

ಆಂಡರ್ಸನ್ ಅವರ ಕಥನಗಳಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ. ಸಹಜವಾಗಿ ಮನುಷ್ಯನಿಗೆ ಅಂಜಿ ದೂರ ಸರಿಯುವ ಪ್ರಾಣಿ ಏಕೆ ಮನುಷ್ಯನ ಮೇಲೆಯೇ ಬೀಳುತ್ತದೆ? ಗುಮ್ಮಳಾಪುರದ ಚಿರತೆ ನಲವತ್ತಕ್ಕೂ ಹೆಚ್ಚು ಜನರನ್ನು ಕೊಂದಿತ್ತೆಂದು ಅವರು ಬರೆಯುತ್ತಾರೆ. ಅದನ್ನು ಹೊಡೆದ ನಂತರ ಪರೀಕ್ಷಿಸಿದಾಗ ಮುಂಗಾಲಿನಲ್ಲಿ ಮುಳ್ಳುಹಂದಿಯ ಮುರಿದ ಮುಳ್ಳುಗಳು ನೆಟ್ಟುಕೊಂಡಿದ್ದುದು ಕಂಡುಬಂದಿತ್ತು. ಕಾಲು ಕುಂಟಾದ ಪ್ರಾಣಿಗೆ ಎಂದಿನ ಬೇಟೆ ದಕ್ಕದಾಗಿತ್ತು.

ಎಲ್ಲ ಪ್ರಕರಣಗಳಲ್ಲಿಯೂ ಕಾರಣ ಕಾಡಿನದೇ ಆಗಿರಲಿಲ್ಲ. ನಾಡಕೋವಿಯ ಈಡು ತಗುಲಿ ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ, ಅರೆಬರೆ ಕಲಿತ ಶಿಕಾರಿ ಬೆನ್ನಟ್ಟದೆ ಬಿಟ್ಟುಹೋದ ಪ್ರಾಣಿ ಮುಂದೆ ಹಳ್ಳಿಗಳಿಗೆ ಮಾರಿಯಾದ ಉದಾಹರಣೆಗಳನ್ನು ಅವರು ನೀಡಿದ್ದಾರೆ. ಮೋಟಾರಿನ ದೀಪದ ಬೆಳಕಿನಲ್ಲಿ ರಾತ್ರಿಯ ಹೊತ್ತು ಜಿಂಕೆಗಳನ್ನು ಹೊಡೆಯುತ್ತಿದ್ದ ಕಳ್ಳಬೇಟೆಗಾರರ ಬಗ್ಗೆ ಅವರಿಗೆ ತೀವ್ರ ಅಸಮಾಧಾನವಿತ್ತು. ಶಿಕಾರಿಯ ಮೋಜು ಪಟ್ಟಣದವನದು, ಅದರ ಬೆಲೆ ತೆರುವವನು ಮಾತ್ರ ಹೊಲದ ಅಂಚಿನಲ್ಲಿ ಮಲಗುವ ರೈತ ಎಂಬ ಸತ್ಯವನ್ನು ಅವರು ಹತ್ತಿರದಿಂದ ಬಲ್ಲವರಾಗಿದ್ದರು.

ಆದ್ದರಿಂದಲೇ ಅವರ ಕೆಲಸದ ಕ್ರಮ ವಿಚಾರಣೆಯಿಂದ ಆರಂಭವಾಗುತ್ತಿತ್ತು. ದಾಳಿ ಎಲ್ಲಿ ನಡೆಯಿತು, ಯಾವ ಹೊತ್ತಿನಲ್ಲಿ, ಹೆಜ್ಜೆಗುರುತು ಗಂಡಿನದೋ ಹೆಣ್ಣಿನದೋ, ನಡಿಗೆಯಲ್ಲಿ ಕುಂಟು ಇದೆಯೋ ಎಂಬುದನ್ನು ತಿಳಿದ ಮೇಲಷ್ಟೇ ಅಟ್ಟಣೆ ಕಟ್ಟಿ ಕಾಯುವ ಕೆಲಸ. ಬೇರೊಂದು ಚಿರತೆಯನ್ನು ಹೊಡೆದರೆ ಊರಿನ ಸಂಕಟ ತೀರುವುದಿಲ್ಲ ಎಂಬ ಅರಿವು ಇದರ ಹಿಂದಿತ್ತು.

ಈ ಕಥನಗಳಲ್ಲಿ ಬಹುಪಾಲಿಗೆ ಆಂಡರ್ಸನ್ ಅವರ ಲೇಖನಿಯೇ ಸಾಕ್ಷಿ ಎಂಬುದನ್ನೂ ಮರೆಯುವಂತಿಲ್ಲ. ಅವರೂ ತಮ್ಮ ಕಾಲದ ಶಿಕಾರಿಯೇ. ಆದರೆ ವಯಸ್ಸು ಮಾಗಿದಂತೆ ಕೋವಿಯನ್ನು ಬದಿಗಿಟ್ಟು ಕ್ಯಾಮೆರಾ ಹಿಡಿದರು. ಕಾಡು ಬರಿದಾಗುತ್ತಿರುವುದರ ಬಗೆಗಿನ ವ್ಯಥೆ ಅವರ ಕೊನೆಯ ಪುಸ್ತಕಗಳಲ್ಲಿ ಎದ್ದು ಕಾಣುತ್ತದೆ.

ಬದಲಾದ ಕಾಲ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿಯ ಯುಗ ಮುಗಿಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಬಂಡೀಪುರ ಅದರ ವ್ಯಾಪ್ತಿಗೆ ಸೇರಿತು. ಮರುವರ್ಷ, 1974ರ ಆಗಸ್ಟ್ 30ರಂದು, ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಆಂಡರ್ಸನ್ ಬೆಂಗಳೂರಿನಲ್ಲಿ ನಿಧನರಾದರು. ಅವರ ಕೊನೆಯ ಪುಸ್ತಕ ಪ್ರಕಟವಾದದ್ದು 1976ರಲ್ಲಿ, ಅವರ ಮರಣಾನಂತರ.

ಕೋವಿ ಹೋದರೂ ಸಮಸ್ಯೆ ಹೋಗಲಿಲ್ಲ. 2020ರ ಮೇ ತಿಂಗಳಿನಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಒಂದು ಮಗು ಮತ್ತು ಓರ್ವ ವೃದ್ಧೆ ಚಿರತೆಗೆ ಬಲಿಯಾದರು. ಗ್ರಾಮಸ್ಥರ ಆಕ್ರೋಶದ ನಡುವೆ ಅರಣ್ಯ ಇಲಾಖೆ ಬೋನುಗಳನ್ನು ಇರಿಸಿತು. 2022ರ ರಾಷ್ಟ್ರೀಯ ಅಂದಾಜಿನಂತೆ ರಾಜ್ಯದಲ್ಲಿರುವ ಚಿರತೆಗಳ ಸಂಖ್ಯೆ 1,879. ಕಾಡಿನಿಂದ ದೂರದ ಕುರುಚಲು ಗುಡ್ಡಗಳಲ್ಲಿಯೂ ಕಬ್ಬಿನ ಗದ್ದೆಗಳಲ್ಲಿಯೂ ಬದುಕಬಲ್ಲ ಈ ಪ್ರಾಣಿಯನ್ನು ಬೇಲಿ ಹಾಕಿ ದೂರವಿಡುವುದು ಸಾಧ್ಯವಿಲ್ಲ.

ಬೋನಿಗೆ ಬಿದ್ದ ಚಿರತೆ ದಾಳಿ ಮಾಡಿದ ಚಿರತೆಯೇ ಆಗಿರಬೇಕೆಂದಿಲ್ಲ. ಅದನ್ನು ಒಯ್ದು ಬೇರೆಡೆ ಬಿಟ್ಟರೆ ಅಲ್ಲಿನ ಹಳ್ಳಿಗಳಿಗೆ ಹೊಸ ಭಯ. ಮಹಾರಾಷ್ಟ್ರದ ಜುನ್ನಾರ್ ಪ್ರದೇಶದಲ್ಲಿ 2001ರ ನಂತರ ಚಿರತೆಗಳನ್ನು ಹಿಡಿದು ಸ್ಥಳಾಂತರಿಸಿದಾಗ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದವೆಂಬುದನ್ನು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಸರಿಯಾದ ಪ್ರಾಣಿಯನ್ನು ಗುರುತಿಸದೆ ಕೈಗೊಂಡ ಕ್ರಮ ಊರಿಗೂ ಕಾಡಿಗೂ ಹಿತವಲ್ಲ ಎಂಬ ಆಂಡರ್ಸನ್ ಅವರ ಅನುಭವವನ್ನೇ ಈ ಅಧ್ಯಯನವೂ ಪುಷ್ಟೀಕರಿಸುತ್ತದೆ.

ಭದ್ರವಾದ ದೊಡ್ಡಿ, ಬೀದಿದೀಪ, ಕತ್ತಲಲ್ಲಿ ಒಂಟಿಯಾಗಿ ತಿರುಗದ ಎಚ್ಚರ, ಸತ್ತ ಕುರಿಗೆ ವಿಳಂಬವಿಲ್ಲದ ಪರಿಹಾರ ಇವೆಲ್ಲ ಸಣ್ಣ ಸಂಗತಿಗಳೆಂದು ತೋರಬಹುದು. ಆದರೆ ಚಿರತೆಯ ಪಕ್ಕದಲ್ಲಿ ಬದುಕುವ ಮಾಗಡಿ ರೈತನಿಗೆ ಬೇಕಾದದ್ದು ಇವೇ. ಜೊತೆಗೆ, ಹೆಜ್ಜೆ ಕಂಡೆನೆಂದು ಆತ ಹೇಳಿದಾಗ ಸ್ಥಳಕ್ಕೆ ಬಂದು, ಕುಳಿತು, ಆತನ ಮಾತನ್ನು ಪೂರ್ತಿ ಕೇಳುವವರೊಬ್ಬರು ಬೇಕು. ಒಂದು ಕಾಲದಲ್ಲಿ ಬೆಂಗಳೂರಿನಿಂದ ಹಳೆಯ ಮೋಟಾರಿನಲ್ಲಿ ಬರುತ್ತಿದ್ದ ಬೇಟೆಗಾರನೊಬ್ಬ ಆ ಕೆಲಸ ಮಾಡಿದ್ದರು.